ನೀಲಕ್ಕ ಮಾತಾಡಿದ ಮಧ್ಯಾಹ್ನ

ಪವಾಡದ ಮಾತು ತೆಗೆದವರನ್ನು ನಾನು ನಕ್ಕು ಸಾಗಹಾಕುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕಣ್ಣಾರೆ ಕಂಡದ್ದಕ್ಕೂ ಕಾರಣ ಕೇಳುವ ಚಾಳಿ. ಅದನ್ನು ಈಗಲೂ ಬಿಟ್ಟಿಲ್ಲ. ಆದರೂ ಇದನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನನ್ನ ಅಕ್ಕ ನೀಲಮ್ಮನನ್ನು ಅತನೂರಿಗೆ ಕೊಟ್ಟಿತ್ತು. ಚೌಡಾಪುರದ ಹತ್ತಿರ ಗಂಡನ ಬೈಕಿನಿಂದ ಬಿದ್ದು ಅವಳ ತಲೆಗೆ ಪೆಟ್ಟಾಯಿತು. ಜೀವ ಉಳಿಯಿತು, ಅರಿವು ಮರಳಲಿಲ್ಲ. ಕಣ್ಣು ತೆರೆಯುತ್ತಿದ್ದಳು, ಯಾರನ್ನೂ ನೋಡುತ್ತಿರಲಿಲ್ಲ. ಮೂರು ತಿಂಗಳಿಗೆ ಗಂಡನ ಮನೆಯವರು ಅವಳನ್ನು ಮಾದನಹಿಪ್ಪರಗಾದ ನಮ್ಮ ಮನೆಯಲ್ಲಿ ತಂದು ಮಲಗಿಸಿ ಹೋದರು.

ವರ್ಷ ಕಳೆದ ಮೇಲೆ ಡಾಕ್ಟರೊಬ್ಬರು ಅವಳನ್ನು ಒಂದು ಔಷಧದ ಪ್ರಯೋಗಕ್ಕೆ ಸೇರಿಸಿಕೊಂಡರು. ನಿದ್ದೆ ಬರಿಸುವ ಗುಳಿಗೆಯೇ ಇಂಥ ಕೆಲವರನ್ನು ಸ್ವಲ್ಪ ಹೊತ್ತು ಎಚ್ಚರಿಸುತ್ತದಂತೆ. ಹತ್ತು ದಿನಕ್ಕೆ ಹತ್ತು ಪೊಟ್ಟಣ. ಕೆಲವುಗಳಲ್ಲಿ ಔಷಧ, ಕೆಲವುಗಳಲ್ಲಿ ಬರೀ ಹಿಟ್ಟಿನ ಗುಳಿಗೆ. ಯಾವುದು ಯಾವುದೆಂದು ಮುಗಿಯುವ ತನಕ ಡಾಕ್ಟರಿಗೂ ತಿಳಿಯಬಾರದು. ಆಳಂದದಿಂದ ನರ್ಸ್ ಶಬಾನಾ ಮಧ್ಯಾಹ್ನದ ಬಸ್ಸಿಗೆ ಬಂದು, ಗುಳಿಗೆ ಅರೆದು ಮೂಗಿನ ನಳಿಕೆಯಲ್ಲಿ ಹಾಕಿ, ಒಂದು ತಾಸು ಕೂತು ಬರೆದುಕೊಳ್ಳುತ್ತಿದ್ದಳು.

ಏಳನೆಯ ದಿನ ಶಬಾನಾ ಕೂತಿರುವಾಗಲೇ ಅಕ್ಕನ ಗಂಡನ ಅಣ್ಣ ಕಾಗದ ಹಿಡಿದು ಬಂದ. ತಮ್ಮನಿಗೆ ಬೇರೆ ಮದುವೆ ಮಾಡಬೇಕು, ಬಿಡುಗಡೆಗೆ ನಮ್ಮ ಒಪ್ಪಿಗೆ ಬೇಕು.

"ನೋಡ್ರಿ ಅತ್ತಿ, ಅಕಿ ಒಳಗ ಇನ್ನೇನೂ ಉಳದಿಲ್ಲ. ಸಹಿ ಹಾಕ್ರಿ" ಎಂದು ಅವ್ವನತ್ತ ಪೆನ್ನು ಚಾಚಿದ. ನಾನು ಬೇಡವೆಂದು ಜಗಳಕ್ಕೇ ನಿಂತೆ. ಅತ್ತು ಅತ್ತು ಸೋತಿದ್ದ ಅವ್ವ ಪೆನ್ನು ತೆಗೆದುಕೊಂಡಳು.

"ಅವ್ವಾ, ಸಹಿ ಹಾಕಬ್ಯಾಡ."

ದನಿ ಒಡೆದಿತ್ತು, ಆದರೆ ನೀಲಕ್ಕನದೇ. ಅವಳ ಕಣ್ಣು ನೇರವಾಗಿ ಆ ಮನುಷ್ಯನ ಮೇಲಿತ್ತು.

"ನಾ ಇನ್ನೂ ಇದ್ದೇನಿ."

ಅವನು ಕಾಗದ ಅಲ್ಲೇ ಬಿಟ್ಟು ಹೊರಟ. ಶಬಾನಾ ಗಡಿಯಾರ ನೋಡಿ ಹೊತ್ತು ಬರೆದುಕೊಂಡಳು. ನಾನು ಅಕ್ಕನ ಕೈ ಹಿಡಿದು ಕರೆದೆ, ಮತ್ತೆ ಮತ್ತೆ ಕರೆದೆ. ನೋಟ ಆಗಲೇ ಮೊದಲಿನಂತೆ ಖಾಲಿಯಾಗಿತ್ತು.

ಪೊಟ್ಟಣಗಳ ಗುಟ್ಟು ತೆರೆದಾಗ ಏಳನೆಯದು ಹಿಟ್ಟಿನ ಗುಳಿಗೆ. ಔಷಧ ಕೊಟ್ಟ ದಿನಗಳಲ್ಲಿ ಅವಳ ತುಟಿಯೂ ಅಲುಗಿರಲಿಲ್ಲ. ಇಂಥವರಲ್ಲಿ ಅರಿವು ಒಮ್ಮೊಮ್ಮೆ ತಾನಾಗಿ ಬಂದು ಹೋಗುವುದುಂಟು ಎಂದರು ಡಾಕ್ಟರು.

"ಅದೇ ಹೊತ್ತಿಗೆ ಯಾಕ ಬಂತ್ರಿ?" ಎಂದೆ.

"ಅದು ನನಗೂ ಗೊತ್ತಿಲ್ರಿ, ಟೀಚರ್."

ಆಮೇಲೆ ಅವಳು ಮಾತಾಡಿಲ್ಲ. ಪ್ರಯೋಗದ ಹಾಳೆಯಲ್ಲಿ ಔಷಧದಿಂದ ಪರಿಣಾಮವಿಲ್ಲ ಎಂದು ಬರೆದರು, ಅದು ಸರಿಯೇ. ಅತನೂರಿನವರು ಸಹಿಗಾಗಿ ಮತ್ತೆರಡು ಸಲ ಹೇಳಿ ಕಳಿಸಿದ್ದಾರೆ. ಊರವರೂ ಬುದ್ಧಿ ಹೇಳುತ್ತಾರೆ. ಆ ಮಧ್ಯಾಹ್ನ ಆದದ್ದೇನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಸಹಿ ಮಾತ್ರ ನಾವು ಹಾಕಿಲ್ಲ, ಹಾಕುವುದೂ ಇಲ್ಲ.