ಹಗಲು ನುಂಗಲಾಗದ ಗುಳಿಗೆ

ಅವ್ವನ ಒಂದು ಕಣ್ಣು ಚಿಕ್ಕಂದಿನಲ್ಲೇ ಸಿಡುಬಿಗೆ ಹೋಗಿತ್ತು. ಉಳಿದ ಕಣ್ಣಿಗೂ ಪೊರೆ ಬಂದಾಗ ಅಣ್ಣ, ನಾನು ಸೇರಿ ಧರ್ಮಪುರದಲ್ಲಿ ಬಸ್ಸು ಹತ್ತಿಸಿ ದುರ್ಗದ ಆಸ್ಪತ್ರೆಗೆ ಕರೆದೊಯ್ದೆವು. ಅದು ಎಪ್ಪತ್ತರ ದಶಕದ ನಡುವಿನ ಮಾತು. ಪೊರೆ ತೆಗೆದು, ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಹಾಕಿದರು. ಅವ್ವ ನನ್ನ ಮುಖ ನೋಡಿ, ಎಷ್ಟು ಸೊರಗಿದ್ದೀಯಲ್ಲೇ ಅಂದಳು. ಮೂರು ಹೆತ್ತು ಒರಳಿನ ಹಾಗಾಗಿದ್ದ ನನ್ನನ್ನು ಸೊರಗಿದ್ದಾಳೆ ಅಂದವಳು ಅವಳೊಬ್ಬಳೇ. ನಗುತ್ತಲೇ ಅತ್ತುಬಿಟ್ಟೆ.

ಊರಿಗೆ ಹೊರಡುವ ಮುಂಚೆ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, ಕಣ್ಣೊಳಗೆ ಒತ್ತಡ ಏರಿದೆ ಎಂದು ಬಿಳಿ ಗುಳಿಗೆ ಬರೆದುಕೊಟ್ಟರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನುಂಗಬೇಕು. ಬೆರಳು ಜುಮುಗುಡುತ್ತವೆ, ಮೂತ್ರ ಜಾಸ್ತಿ ಹೋಗುತ್ತದೆ, ಅದಕ್ಕೆಲ್ಲ ಹೆದರಬಾರದು. ಆದರೆ ಬಿಟ್ಟರೆ ಕಣ್ಣಿನ ನರ ಸಾಯುತ್ತದೆ ಎಂದು ಒತ್ತಿ ಹೇಳಿದರು. ಅಣ್ಣ ತಲೆಯಾಡಿಸಿದ.

ಬಬ್ಬೂರಿನ ಸರ್ಕಾರಿ ಬೇಸಾಯದ ಫಾರಂನಲ್ಲಿ ಕೆಲಸಕ್ಕಿದ್ದ ನನ್ನ ಗಂಡನಿಗೆ ಕೊಟ್ಟಿದ್ದ ಮನೆಯಲ್ಲಿ ಕಕ್ಕಸು ಇತ್ತು. ಗುಳಿಗೆ ಮುಗಿಯುವವರೆಗೆ ನನ್ನ ಹತ್ತಿರ ಇರಲಿ ಅಂದೆ. ಮಗನಿದ್ದೂ ತಾಯಿಯನ್ನು ಮಗಳ ಮನೆಗೆ ಬಿಟ್ಟ ಅಂತ ಜನ ಆಡಿಕೊಳ್ಳುತ್ತಾರೆ ಎಂದು ಅಣ್ಣ ಊರಿಗೇ ಕರೆದುಕೊಂಡು ಹೋದ. ಆ ಜನ ಯಾರು ಅಂತ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ನಮ್ಮೂರಲ್ಲಿ ಹೆಂಗಸರು ಹೊಲದ ಕಡೆ ಹೋಗುತ್ತಿದ್ದುದು ಬೆಳಕು ಹರಿಯುವ ಮುಂಚೆ, ಇಲ್ಲವೇ ಕತ್ತಲಾದ ಮೇಲೆ. ನಡುವಿನ ಹಗಲೆಲ್ಲ ತಡೆದುಕೊಂಡೇ ಇರಬೇಕು. ದಾರಿಯುದ್ದಕ್ಕೂ ಗಂಡಸರು ಕುಂತಿರುತ್ತಿದ್ದರು. ಸುತ್ತ ಶೇಂಗಾ ಹೊಲ, ಆ ಬೆಳೆ ಮೊಣಕಾಲಿಗೂ ಬರುವುದಿಲ್ಲ. ಒಂದೇ ಕಣ್ಣು, ಹೊಸ ಕನ್ನಡಕದಲ್ಲಿ ನೆಲದ ಏರುತಗ್ಗು ತಿಳಿಯದ ಅವ್ವನಿಗಂತೂ ಯಾರಾದರೂ ಕೈ ಹಿಡಿದು ನಡೆಸಬೇಕಿತ್ತು.

ಅವಳು ಮೊದಲು ಹಗಲು ನೀರು ಕುಡಿಯುವುದನ್ನು ಬಿಟ್ಟಳಂತೆ. ಆಮೇಲೆ ಮಧ್ಯಾಹ್ನದ ಗುಳಿಗೆ, ಆಮೇಲೆ ಬೆಳಗಿನದು. ಯಾರು ಕೇಳಿದರೂ ನುಂಗಿದೆ ಅನ್ನುತ್ತಿದ್ದಳು. ತಲೆ ಸಿಡಿಯುವಾಗ ಬಿಸಿಲ ಝಳ ಎಂದು ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗುತ್ತಿದ್ದಳಂತೆ. ದೀಪದ ಸುತ್ತ ಬಣ್ಣದ ಬಳೆ ಕಾಣಿಸುತ್ತದೆ ಅಂದಾಗಲೂ ಮನೆಯವರು ಹೊಸ ಕನ್ನಡಕ, ಹಾಗೇ ಇರುತ್ತದೆ ಅಂದರಂತೆ.

ಅಣ್ಣ, ನಾನು ಮತ್ತೆ ದುರ್ಗಕ್ಕೆ ಕರೆದೊಯ್ಯುವ ಹೊತ್ತಿಗೆ ಅವಳಿಗೆ ಕಿಟಕಿ ಯಾವ ಕಡೆ ಇದೆ ಎಂಬುದೂ ತಿಳಿಯುತ್ತಿರಲಿಲ್ಲ. ನರ ಸತ್ತಿದೆ, ಇನ್ನು ಏನೂ ಮಾಡಲಾಗದು ಅಂದರು ಡಾಕ್ಟರು. ಉಳಿದಿದ್ದ ಗುಳಿಗೆಗಳನ್ನು ನೋಡಿ, ಯಾಕೆ ಬಿಟ್ಟೆ ಎಂದು ಗದರಿದರು. ಅಣ್ಣ ಪಕ್ಕದಲ್ಲಿದ್ದ. ಅವ್ವ ಸೆರಗು ಎಳೆದುಕೊಂಡಳು. ಅವನು ಬಸ್ಸು ವಿಚಾರಿಸಲು ಹೋದ ಮೇಲೆ ನನ್ನ ಕೈ ತಡಕಿ ಹಿಡಿದುಕೊಂಡಳು.

"ಆ ಗುಳಿಗೆ ಗಂಡಸ್ರಿಗೆ ಮಾಡಿದ್ದು ಕಣವ್ವ. ಅವ್ರು ಎಲ್ಲಿ ಬೇಕಾದ್ರೂ ನಿಂತ್ಕಂತಾರೆ. ಹಾಡಹಗಲು ನಾನು ಯಾರ ಕೈ ಹಿಡ್ಕಂಡು ಎಲ್ಲಿಗೆ ಹೋಗ್ಲಿ?"

ಬಸ್ಸಿನಲ್ಲಿ ಅಣ್ಣನಿಗೆ ಇದನ್ನು ಹೇಳಿದೆ. ಮರುದಿನ ಅವನು ಹಿತ್ತಲಲ್ಲಿ ನಾಲ್ಕು ಗೂಟ ನೆಟ್ಟು, ಅವ್ವನಿಗೆ ಮರೆಯಾಗಲೆಂದು ಸುತ್ತ ಜೋಳದ ದಂಟಿನ ತಡಿಕೆ ಕಟ್ಟಿದ. ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಕೆಲಸ ಮುಗಿದಿತ್ತು.