ಒಂದೇ ಹೆಸರಿನ ಎರಡು ಕಾರ್ಡು

ಮಕ್ಕಳೇ, ನಿಮ್ಮ ಅಮ್ಮ ಮದುವೆಗೆ ಮುಂಚೆ ಕಂಪ್ಯೂಟರಿನಲ್ಲಿ ಕಾರು ಓಡಿಸುತ್ತಿದ್ದಳು ಅಂದರೆ ನೀವು ನಂಬಲಿಕ್ಕಿಲ್ಲ. ಆಗ ನಾವಿಬ್ಬರೇ ಮರ್ಫಿ ಟೌನಿನಲ್ಲಿದ್ದೆವು. ನಿಮ್ಮ ತಾತ ಬದುಕಿದ್ದಾಗ ಕೊಡಿಸಿದ್ದ ಕಂಪ್ಯೂಟರು ಹಳೆಯ ಆಟಗಳಿಗೆ ಸಾಕಿತ್ತು. ಹೊಸ ರೇಸಿನ ಆಟ ಹಾಕಿದರೆ ಮಾತ್ರ ಕಾರು ಎರಡು ಮಾರು ಓಡುವುದು, ನಿಲ್ಲುವುದು, ಮತ್ತೆ ಓಡುವುದು.

"ಕೆಟ್ಟೋಗಿದೆಯೇನೇ?" ಅಂತ ಕೇಳಿದೆ.

"ಇಲ್ಲಮ್ಮ, ಅಷ್ಟು ಬೇಗ ಚಿತ್ರ ಬಿಡಿಸೋಕೆ ಇದಕ್ಕೆ ಆಗ್ತಿಲ್ಲ. ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಸರಿಹೋಗುತ್ತೆ."

ಕಾಲೇಜು ಮುಗಿಸಿ ಬಂದು ಅವಳು ಬೀದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಒಂದು ವರ್ಷ ಹಾಗೆ ಕೂಡಿಟ್ಟ ದುಡ್ಡು ಒಂದು ಕಾರ್ಡಿಗೆ ಸಾಕು. ತಪ್ಪು ಕಾರ್ಡು ತಂದರೆ ಇನ್ನೊಂದು ಇಲ್ಲ. ಅದಕ್ಕೇ ಅವಳು ಆರಿಸಿದ ರೀತಿ ನನಗೆ ಇವತ್ತಿಗೂ ಮೆಚ್ಚುಗೆ. ಹಳೇ ಪುಸ್ತಕದಂಗಡಿಯಿಂದ ಕಂಪ್ಯೂಟರ್ ಪತ್ರಿಕೆಗಳನ್ನು ತಂದು ನೆಲದ ಮೇಲೆ ಹರಡಿಕೊಂಡು ಕೂರುವಳು. ದೊಡ್ಡ ದೊಡ್ಡ ಕಾರ್ಡಿನ ಚಿತ್ರಗಳಿಗೆ ಮರುಳಾಗಲಿಲ್ಲ. "ಇದಕ್ಕೆ ನಮ್ಮ ಸಿಪಿಯು ಕೊಡೋ ಕರೆಂಟ್ ಸಾಲಲ್ಲ. ಇದು ತುಂಬಾ ಜೋರು, ನಮ್ಮ ಮುದಿ ಮೆಷಿನ್ನಿಗೆ ದಂಡ," ಎನ್ನುತ್ತ ಒಂದೊಂದರ ಮೇಲೂ ಗೀಟು ಎಳೆದು, ಕೊನೆಗೆ ಒಂದೇ ಹೆಸರು ಉಳಿಸಿದಳು.

ಹೊರಡುವ ಮುನ್ನ ಸಿಪಿಯು ಬಿಚ್ಚಿ, ಕಾರ್ಡು ಕೂರುವ ಕಂದು ಬಣ್ಣದ ಸೀಳನ್ನು ನನಗೆ ತೋರಿಸಿದಳು. ಅವಳು ತಲೆ ಬಾಚಲು ಹೋದಾಗ ನಾನೊಂದು ಪೊರಕೆ ಕಡ್ಡಿಯನ್ನು ಆ ಸೀಳಿನೊಳಗಿಟ್ಟು, ಅದರ ಉದ್ದಕ್ಕೆ ಸರಿಯಾಗಿ ಮುರಿದು ಸೆರಗಿಗೆ ಗಂಟು ಹಾಕಿಕೊಂಡೆ. ನಮ್ಮೂರಲ್ಲಿ ಅಪ್ಪ ಸಂತೆಗೆ ಹೋಗುವಾಗ ನಮ್ಮ ಪಾದದ ಉದ್ದಕ್ಕೆ ಹೀಗೆಯೇ ಕಡ್ಡಿ ಮುರಿದುಕೊಂಡು ಹೋಗಿ ಚಪ್ಪಲಿ ತರುತ್ತಿದ್ದರು. ಹೇಳಿದರೆ ನಗುತ್ತಾಳೆಂದು ನಾನು ಹೇಳಲಿಲ್ಲ.

ಶಿವಾಜಿನಗರದಲ್ಲಿ ಬಸ್ಸಿಳಿದು ಹೋದ ಅಂಗಡಿ ಮೊದಲನೆಯ ಮಹಡಿಯಲ್ಲಿತ್ತು. ಕೆಳಗೆ ಚಪ್ಪಲಿ ಅಂಗಡಿ. ಬಿಳಿ ಗಡ್ಡದ ಭಾಯ್ ಒಬ್ಬರು ಕೂತಿದ್ದರು. ಅವರ ತಲೆಯ ಮೇಲೆ "ಮಾರಿದ ಮಾಲು ವಾಪಸ್ ಇಲ್ಲ" ಅಂತ ಬರೆದಿತ್ತು. ಮಗಳು ಕಾರ್ಡಿನ ಹೆಸರು ಹೇಳಿದಳು. ಅವರು ಡಬ್ಬ ತಂದಿಟ್ಟರು. ಅಕ್ಷರ ಅಕ್ಷರವೂ ಅದೇ ಹೆಸರು. ಅವಳು ಪರ್ಸ್ ತೆಗೆದಾಗ ನಾನು ಗಂಟು ಬಿಚ್ಚಿ ಕಡ್ಡಿಯನ್ನು ಅವಳ ಕೈಗಿಟ್ಟೆ.

"ಏನಮ್ಮ ಇದು?"

"ಆ ಸೀಳಿನ ಅಳತೆ ಕಣೇ," ಅಂದೆ, ಅವಳಿಗಷ್ಟೇ ಕೇಳುವಂತೆ.

ಭಾಯ್‌ಗೂ ಕೇಳಿಸಿತು. "ಚಪ್ಪಲಿ ಅಂಗ್ಡಿ ಕೆಳಗಡೆ ಐತೆ ಅಮ್ಮಾ!"

ಪಕ್ಕದಲ್ಲಿದ್ದವರೆಲ್ಲ ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ. ನಿಮ್ಮ ಅಮ್ಮ ನಗಲಿಲ್ಲ. "ಒಂದ್ನಿಮಿಷ ಭಾಯ್, ಡಬ್ಬ ತೆಗೀರಿ," ಎಂದು, ಸೀಳಿಗಿಳಿಯುವ ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳ ಪಕ್ಕಕ್ಕೆ ಕಡ್ಡಿ ಹಿಡಿದಳು. ಹಲ್ಲಿನ ಸಾಲು ಒಂದು ಬೆರಳಿನ ಅಗಲದಷ್ಟು ಆಚೆಗೆ ಹೋಗಿತ್ತು.

ಭಾಯ್ ಕನ್ನಡಕ ಹಾಕಿಕೊಂಡರು. ಮುಖದ ನಗು ಹೋಯಿತು. "ಅರೆ, ನಿಮ್ದು ಹಳೇ ಎಜಿಪಿ ಸೀಳಿನ ಬೋರ್ಡಾ? ಇದು ಹೊಸಾ ಬೋರ್ಡಿಗೆ ಬೇಟಾ, ಅದ್ರ ಸೀಳು ಉದ್ದ. ಒಂದೇ ಹೆಸ್ರಲ್ಲಿ ಎರಡು ಬರ್ತೈತೆ. ನಾನೂ ಕೇಳ್ಬೇಕಿತ್ತು."

"ಥೂ, ಪತ್ರಿಕೇಲಿ ಬರೀ ಹೆಸರು ನೋಡ್ಕೊಂಡೆ," ಅಂದಳು ಅವಳು. ಮೂಗಿನ ಮೇಲೆ ಬೆವರಿತ್ತು.

ಬೇಕಿದ್ದರೆ ಅವರು ಕಡ್ಡಿಯ ಅಳತೆಯೇ ತಪ್ಪೆಂದು ಹೇಳಿ ಅದನ್ನೇ ಮಾರಿಬಿಡಬಹುದಿತ್ತು. ಆ ವಯಸ್ಸಿನಲ್ಲಿ ಅವರೇ ಏಣಿ ಹತ್ತಿ ಅಟ್ಟದಲ್ಲಿ ಹುಡುಕಿ, ಧೂಳು ಹಿಡಿದ ಇನ್ನೊಂದು ಡಬ್ಬ ಇಳಿಸಿದರು. ಅದೇ ಹೆಸರು. ಈ ಸಲ ಕಡ್ಡಿಯನ್ನು ಅವರೇ ಕೇಳಿ ತೆಗೆದುಕೊಂಡು ಅಳೆದರು. ಸರಿಹೋಯಿತು.

"ನಾಳೆಯಿಂದ ಇಲ್ಲೇ ಬಂದ್ಬಿಡಿ ಅಮ್ಮಾ, ನಮ್ಮ ಹುಡುಗ್ರಿಗೆ ಇಷ್ಟು ಬುದ್ಧಿ ಇಲ್ಲ," ಅಂದರು. ಮಗಳು ಮೆಟ್ಟಿಲಿಳಿಯುವಾಗ ನನ್ನ ಕೈ ಹಿಡಿದುಕೊಂಡಿದ್ದಳು.

ಮನೆಯಲ್ಲಿ ಕಾರ್ಡು ಟಕ್ಕೆಂದು ಕೂತಿತು. ಆಟ ಹಾಕಿದಳು. ರಸ್ತೆ ನೀರಿನ ಹಾಗೆ ಹರಿಯಿತು. ಅಕ್ಕಪಕ್ಕದ ಮರಕ್ಕೆಲ್ಲ ಎಲೆ ಕಾಣುತ್ತಿತ್ತು. ಒಂದು ಸುತ್ತು ಮುಗಿಸಿ ಎದ್ದು, "ಈಗ ನೀನು ಓಡ್ಸಮ್ಮ," ಎಂದು ಬಲವಂತವಾಗಿ ಕೂರಿಸಿದಳು.

ತಿರುಗಿಸುವ ಗುಂಡಿ ಯಾವುದೆಂದು ಕೇಳುವುದರೊಳಗೆ ನನ್ನ ಕಾರು ಒಂದು ಸಲವೂ ನಿಲ್ಲದೆ, ತಡವರಿಸದೆ, ನೆಟ್ಟಗೆ ಹೋಗಿ ಗೋಡೆಗೆ ಗುದ್ದಿತು.