ಕೂಡದ ಬೆನ್ನು

“ಮಾಘ ಅಮಾಸಿಗೆ ಸೂರ್ಯಾಗ ಗ್ರಹಣ ಹಿಡೀತಲ್ರಿ, ಅವತ್ತ ನಾ ಕುಡಗೋಲು, ಈಳಗಿ, ಕುರಿ ಕತ್ತರಸೋ ಕತ್ತರಿ, ಎಲ್ಲಾ ಜ್ವಾಳದ ಚೀಲದ ಹಿಂದ ಮುಚ್ಚಿಟ್ಟಿದ್ದೆ. ಬಸುರಿ ಸೊಸಿ ಮನ್ಯಾಗ. ಗ್ರಹಣದಾಗ ಏನರ ಕೊಯ್ದ್ರ ಕೂಸು ಸೀಳಿ ಹುಟ್ಟತೈತಿ. ಗ್ರಹಣ ಬಿಟ್ಟ ಮ್ಯಾಲ ನೋಡಿದ್ರ ಕುಡಗೋಲು ಹಿತ್ತಲ ಕಟ್ಟಿ ಮ್ಯಾಲಿತ್ತು, ಸೊಪ್ಪಿನ ರಸ ಇನ್ನೂ ಆರಿದ್ದಿಲ್ಲ. ಕೇಳಿದ್ರ, ‘ನಿಮ್ಮ ಮಗ ಮರಿಗೆ ಸೊಪ್ಪು ಕೊಯ್ದಾನ್ರಿ ಅತ್ತಿ’ ಅಂದ್ಲು. ಅವನೂ ಹೂಂ ಅಂದ. ಹೇಣ್ತಿ ಮಾತಿಗೆ ಹೂಂ ಅನ್ನದ ಗಂಡ ಎಲ್ಲಿ ಸಿಗ್ತಾನ್ರಿ?”

ಬೋರವ್ವ ಇದನ್ನು ಬಾವಿಕಟ್ಟೆಯಲ್ಲಿ ಹೇಳಿದ್ದಳು, ಬೀರಪ್ಪನ ಗುಡಿಯ ಮುಂದೆ ಹೇಳಿದ್ದಳು. ಎಂಬತ್ತನೆಯ ಇಸವಿಯ ಆ ಬೇಸಿಗೆಯಲ್ಲಿ ಹುನಗುಂದದ ಡಾಕ್ಟರರ ಮುಂದೆಯೂ ಹೇಳಿದಳು. ಪಕ್ಕದಲ್ಲಿ ಸೊಸೆ ಸಾವಂತ್ರವ್ವ ಕೂಸನ್ನು ಬೋರಲು ಮಲಗಿಸಿಕೊಂಡು ಅಳುತ್ತಿದ್ದಳು. ಕೂಸಿನ ಸೊಂಟದ ಮೇಲೆ ನಿಂಬೆಹಣ್ಣಿನಷ್ಟು ಮೆತ್ತನೆಯ ಗಡ್ಡೆ. ತಪ್ಪು ಸೊಸೆಯದೆಂದು ಡಾಕ್ಟರರ ಬಾಯಿಂದ ಬಂದರೆ ಸಾಕು, ಸಂಜೆಯೊಳಗೆ ತಾಯಿ ಕೂಸು ಇಬ್ಬರೂ ತವರಿಗೆ. ಸೊಸೆಯ ತವರಿನಲ್ಲಿ ತಾಯಿ ಇರಲಿಲ್ಲ, ಕೇಳುವವರೂ ಇರಲಿಲ್ಲ. ಆದರೂ ಬೋರವ್ವ ಇಬ್ಬರ ಅರಿವೆಗಳ ಗಂಟು ಕಟ್ಟಿ ಬಾಗಿಲ ಬಳಿ ಇಟ್ಟೇ ಬಂದಿದ್ದಳು.

“ಇದಕ್ಕ ಸ್ಪೈನಾ ಬೈಫಿಡಾ ಅಂತಾರವ್ವಾ,” ಎಂದರು ಡಾಕ್ಟರು. “ಲ್ಯಾಟಿನ್ ಅಂತ ಒಂದು ಹಳೇ ಭಾಷಾ. ಅದರಾಗ ಸ್ಪೈನಾ ಅಂದ್ರ ಮುಳ್ಳು. ಬೆನ್ನೆಲುಬು ಮುಳ್ಳುಮುಳ್ಳು ಇರತೈತಲ್ಲ, ಅದಕ್ಕೂ ಅದನ್ನೇ ಅಂದ್ರು. ಬೈಫಿಡಾ ಅಂದ್ರ ಎರಡಾಗಿ ಸೀಳಿದ್ದು.”

“ಕೇಳಿದೇನ? ಸೀಳಿದ್ದು ಅಂತ ಹೆಸರಿನಾಗ ಐತಿ!” ಬೋರವ್ವ ಸೊಸೆಯತ್ತ ತಿರುಗಿದಳು.

“ಕಂಡದ್ದನ್ನ ನೋಡಿ ಇಟ್ಟ ಹೆಸರದು. ಖರೆ ಹೇಳಬೇಕಂದ್ರ ಯಾರೂ ಸೀಳಿಲ್ಲ, ಕೂಡಬೇಕಾದ ಎಲುಬು ಕೂಡಿಲ್ಲ. ಬೆನ್ನು ಕೂಡೂದು ಬಸುರಾದ ಮೊದಲನೇ ತಿಂಗಳಾಗ. ನಿಮ್ಮ ಸೊಸಿಗೆ ಅದು ಶ್ರಾವಣದಾಗ ಆಗಿರಬೇಕು. ಗ್ರಹಣ ಹಿಡಿದದ್ದು ಮಾಘದಾಗ.”

ಬೋರವ್ವ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ನಿಮ್ಮೂರು ಯಾವುದ್ರಿ?”

“ಬದಾಮಿ.”

“ಹೂಂ. ಇಕಿ ತವರೂರು ಅದರ ಮಗ್ಗಲಕ್ಕ.”

ಸಾವಂತ್ರವ್ವ ಅಳುವುದನ್ನು ಬಿಟ್ಟು ನಕ್ಕುಬಿಟ್ಟಳು. “ಅತ್ತಿ, ಇವರ ಮಾರಿ ನಾ ಇವತ್ತ ನೋಡಿದ್ದು!”

ಡಾಕ್ಟರೂ ನಕ್ಕರು. “ನಾ ಸುಳ್ಳು ಹೇಳಿದ್ರ ಹುಬ್ಬಳ್ಳಿ ದೊಡ್ಡ ದವಾಖಾನಿಯವರನ್ನ ಕೇಳ್ರಿ. ಹೆಂಗೂ ಆಪರೇಶನ್ನಿಗೆ ಲಗೂ ಅಲ್ಲಿಗೆ ಒಯ್ಯಬೇಕು. ಗಡ್ಡಿ ಒಡದ್ರ ಕೂಸು ಉಳಿಯೂದಿಲ್ಲ.”

ಮನೆಗೆ ಬಂದ ಮೇಲೆ ಬೋರವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಳು. ಮಗ್ಗದಿಂದ ಬಂದ ಎರಡು ಪಟ್ಟಿಗಳನ್ನು ಕೂಡಿಸಿ ಕಂಬಳಿ ಹೊಲಿಯುವುದು ಚಿಕ್ಕಂದಿನಿಂದ ಅವಳ ಕೆಲಸ. ಕತ್ತರಿಸಿದ ಪಟ್ಟಿಯಾದರೆ ಎಳೆ ಬಿಚ್ಚಿಕೊಂಡಿರುತ್ತದೆ, ಇನ್ನೂ ಹೊಲಿದು ಕೂಡಿಸದ ಪಟ್ಟಿಯ ಅಂಚು ನುಣ್ಣಗಿರುತ್ತದೆ. ಗಡ್ಡೆಯನ್ನು ಒತ್ತದೆ ಅದರ ಸುತ್ತ ಬೆರಳಾಡಿಸಿದಳು. ತೊಗಲು ಎಲ್ಲೂ ಹರಿದಿರಲಿಲ್ಲ, ಗಾಯದ ಕಲೆಯೂ ಇರಲಿಲ್ಲ. ಎರಡೂ ಕಡೆ ಎಲುಬು ಕೂಡಿಸದ ಪಟ್ಟಿಯ ಅಂಚಿನ ಹಾಗೆ ನುಣ್ಣಗೆ, ದುಂಡಗೆ ನಿಂತಿತ್ತು.

ಕೂಸಿನ ಬೆನ್ನ ಮೇಲೆ ಸೆರಗು ಹೊದಿಸಿದಳು.

“ನಾಳೆ ಹುಬ್ಬಳ್ಳಿ ಬಸ್ಸಿಗೆ ನಾನೂ ಬರ್ತೇನಿ,” ಎಂದಳು ಸೊಸೆಗೆ. “ಅಲ್ಲಿಯವರು ಏನಂತಾರೋ ನಾನ ನಿಂತು ಕೇಳಬೇಕು. ಈ ಬದಾಮಿಯಾಂವನ್ನ ಪೂರಾ ನಂಬೂದಿಲ್ಲ.”

ಕೂಸನ್ನು ಸೊಸೆಯ ಕೈಗೆ ಕೊಟ್ಟು, ಬಾಗಿಲ ಬಳಿಯ ಗಂಟು ಬಿಚ್ಚಿದಳು. ಒಳಗಿದ್ದ ಕೂಸಿನ ಅರಿವೆಗಳನ್ನು ಬುಟ್ಟಿಗೆ ಹಾಕಿಕೊಂಡು ಹಿತ್ತಲಿಗೆ ಹೋಗಿ, ಕಲ್ಲಿನ ಮೇಲೆ ನೀರು ಸುರಿದು ಒಗೆಯಲು ಕುಳಿತಳು.